ಮೇಜು ತುಂಬಿದ್ದಕ್ಕೆ ಬೀರು ಖಾಲಿ ಮಾಡಿದೆ!

ಹೋದ ವಾರ ನಾನೊಂದು ಪೆದ್ದುತನ ಮಾಡಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಮನೆಯ ತಾತನೋ ಅಜ್ಜಿಯೋ ಅದೇ ತಪ್ಪು ಮಾಡಬಾರದಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮನೆಯ ಕಂಪ್ಯೂಟರಿಗೆ ಎಂಟು ವರ್ಷ. ಮಗ ತನಗೆಂದು ಕೊಂಡದ್ದು, ಈಗ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಅದರಲ್ಲೇ ಸುದ್ದಿ ಓದುತ್ತೇನೆ, ಹಳೆಯ ಹಾಡು ಕೇಳುತ್ತೇನೆ, ಈ ಅಂಕಣವನ್ನೂ ಟೈಪು ಮಾಡುತ್ತೇನೆ. ಕೆಲವು ದಿನಗಳಿಂದ ಅದು ಎತ್ತಿನಗಾಡಿಯಾಗಿಬಿಟ್ಟಿತ್ತು. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಮಂಗಳವಾರ ಪರದೆಯ ಮೇಲೊಂದು ಎಚ್ಚರಿಕೆ ಬಂತು: ಮೆಮೊರಿ ಸಾಲುತ್ತಿಲ್ಲ ಎಂದು. ಅದರ ಕೆಳಗೆ ಇನ್ನೂ ಒಂದೆರಡು ಸಾಲು ಇತ್ತು. ನಾನು ಓದಲಿಲ್ಲ.

ಜಾಗ ಇಲ್ಲ ಎಂದರೆ ಏನನ್ನಾದರೂ ಅಳಿಸಬೇಕು. ಫೋನಿನಲ್ಲಿ ನಾವು ಮಾಡುವುದು ಹಾಗೇ ತಾನೆ? ಹುಡುಕಿದರೆ ಕಣ್ಣಿಗೆ ಬಿದ್ದದ್ದು ಫೋಟೋಗಳು. ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ನಾವಿಬ್ಬರೂ ಬೇಲೂರು, ಹಳೇಬೀಡು, ಶೃಂಗೇರಿ ಸುತ್ತಿದ ಫೋಟೋಗಳೆಲ್ಲ ಒಂದೇ ಫೋಲ್ಡರಿನಲ್ಲಿದ್ದವು. ಒಂದೇ ಥರದವು ಬಹಳ ಇವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಆರಿಸಿ ಆರಿಸಿ ಇನ್ನೂರು ಫೋಟೋ ಅಳಿಸಿದೆ. ಒಂದೊಂದನ್ನು ಅಳಿಸುವಾಗಲೂ ಕೈ ತಡೆಯುತ್ತಿತ್ತು. ಅಷ್ಟಾದರೂ ಕಂಪ್ಯೂಟರು ಒಂದಿಷ್ಟೂ ಚುರುಕಾಗಲಿಲ್ಲ.

ಸಂಜೆ ಮೊಮ್ಮಗಳು ಶಾಲೆಯಿಂದ ಬಂದಳು. ಎಂಟನೇ ಕ್ಲಾಸಿನವಳು. ವಿಷಯ ಕೇಳಿ ಬ್ಯಾಗನ್ನೂ ಇಳಿಸದೆ ನಿಂತುಬಿಟ್ಟಳು. "ಅಯ್ಯೋ ತಾತ, ಅಜ್ಜಿ ಫೋಟೋ ಯಾಕೆ ಅಳಿಸಿದೆ? ಮೇಜು ತುಂಬಿದ್ದಕ್ಕೆ ಬೀರು ಖಾಲಿ ಮಾಡ್ತಾರಾ?"

ನನಗೆ ಅರ್ಥವಾಗಲಿಲ್ಲ. ಅವಳು ರೀಸೈಕಲ್ ಬಿನ್ ಎಂಬ ಕಸದ ಬುಟ್ಟಿಯ ಚಿತ್ರದ ಮೇಲೆ ಒತ್ತಿದಳು. ಅದು ತೆರೆಯಲೇ ಇಲ್ಲ. ಒಂದು ಉಂಗುರ ಸುಮ್ಮನೆ ಸುತ್ತುತ್ತಿತ್ತು. "ಮೊದಲು ಮೇಜು ಖಾಲಿ ಮಾಡಬೇಕು" ಎಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

ಆಮೇಲೆ ಅವಳು ಕಲಿಸಿದ ಪಾಠ ಇದು. ಕಂಪ್ಯೂಟರಿನಲ್ಲಿ ಎರಡು ಬಗೆಯ ನೆನಪು. ಒಂದು ಬೀರು, ಇನ್ನೊಂದು ಓದುವ ಮೇಜು. ಬೀರು ಎಂದರೆ ಹಾರ್ಡ್ ಡಿಸ್ಕ್. ಫೋಟೋ, ಹಾಡು, ಪತ್ರಗಳೆಲ್ಲ ಇರುವುದು ಅಲ್ಲಿ. ವಿದ್ಯುತ್ ಹೋದರೂ ಅಳಿಯುವುದಿಲ್ಲ. ಮೇಜು ಎಂದರೆ ರ‍್ಯಾಮ್. ಯಾವ ಕೆಲಸ ಮಾಡಬೇಕಾದರೂ ಬೀರುವಿನಿಂದ ತೆಗೆದು ಮೇಜಿನ ಮೇಲೆ ಹರಡಿಕೊಳ್ಳಬೇಕು. ಕಂಪ್ಯೂಟರ್ ಆರಿಸಿದರೆ ಮೇಜು ಪೂರ್ತಿ ಖಾಲಿ. ಬರೆದದ್ದನ್ನು ಸೇವ್ ಮಾಡಬೇಕು ಎನ್ನುವುದು ಇದಕ್ಕೇ. ನಮ್ಮ ಬೀರು 500 ಜಿಬಿ, ಮೇಜು ಬರೀ 4 ಜಿಬಿ. ನಾನು ಅಳಿಸಿದ ಫೋಟೋಗಳೆಲ್ಲ ಸೇರಿದರೂ ಒಂದು ಜಿಬಿ ಇರಲಿಲ್ಲ, ಅವು ಮೇಜಿನ ಮೇಲೂ ಇರಲಿಲ್ಲ!

ಮೇಜು ತುಂಬಿದರೆ ಕಂಪ್ಯೂಟರು ಸುಮ್ಮನೆ ಕೂರುವುದಿಲ್ಲ. ಮೇಜಿನ ಕೆಲವು ಹಾಳೆಗಳನ್ನು ಬೀರುವಿನ ಮೂಲೆಯಲ್ಲಿಟ್ಟು ಬರುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಹಳೆಯ ಹಾರ್ಡ್ ಡಿಸ್ಕಿಗೆ ಈ ಓಡಾಟ ಬಲು ನಿಧಾನ. ನನ್ನ ಎತ್ತಿನಗಾಡಿಯ ಗುಟ್ಟು ಅದು.

"ಮೇಜಿನ ಮೇಲೆ ಏನೇನು ಹರಡಿದೆ ಅಂತ ನೋಡೋಣ. ನಿನ್ನ ಲೇಖನ ಸೇವ್ ಮಾಡಿದೀಯಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಟಾಸ್ಕ್ ಮ್ಯಾನೇಜರ್ ನಿಧಾನವಾಗಿ ತೆರೆಯಿತು. ಮೆಮೊರಿ ಎಂಬ ಕಾಲಮ್ಮಿನ ಮೇಲೆ 94% ಎಂದಿತ್ತು. ಆ ತಲೆಬರಹದ ಮೇಲೆ ಒಮ್ಮೆ ಒತ್ತಿದರೆ ಹೆಚ್ಚು ಜಾಗ ಹಿಡಿದದ್ದು ಮೇಲಕ್ಕೆ ಬರುತ್ತದೆ. ಬಂದದ್ದು ನನ್ನ ಬ್ರೌಸರ್! ಒಳಗೆ 31 ಟ್ಯಾಬುಗಳು. ಹೋದ ತಿಂಗಳ ಅಡುಗೆ, ಎಂದೋ ನೋಡಿದ ರೈಲಿನ ವೇಳೆ, ಅರ್ಧ ಕೇಳಿದ ಹಾಡುಗಳು. ನಾನು ತೆರೆಯುವುದನ್ನು ಮಾತ್ರ ಕಲಿತಿದ್ದೆ, ಮುಚ್ಚುವುದನ್ನಲ್ಲ. ಎರಡನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಮುಚ್ಚಿದೆವು. ಅಂಕಿ ಇಳಿಯುತ್ತ ಇಳಿಯುತ್ತ 61%ಕ್ಕೆ ನಿಂತಿತು.

"ಇನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿದೆಯಲ್ಲೇ?" ಎಂದೆ. "ತುಂಬಿರಲಿ ಬಿಡು ತಾತ. ಖಾಲಿ ಮೇಜಿನಿಂದ ಏನು ಲಾಭ? 90 ದಾಟಿ ಅಲ್ಲೇ ನಿಂತರೆ ಮಾತ್ರ ಯೋಚನೆ ಮಾಡು" ಎಂದಳು. ಹೆಸರು ಗೊತ್ತಿಲ್ಲದ ಸಾಲುಗಳನ್ನು ಮುಟ್ಟಕೂಡದು, ಅವು ಕಂಪ್ಯೂಟರು ನಡೆಯಲು ಬೇಕಾದವೂ ಆಗಿರಬಹುದು ಎಂದು ಎಚ್ಚರಿಸಿದಳು.

ಅವಳಿಗೆ ಗೊತ್ತಿಲ್ಲದ ಒಂದು ಕತೆ ನನ್ನಲ್ಲೂ ಇತ್ತು. 1969ರ ಜುಲೈ 20ರಂದು ಅಪೊಲೊ 11ರ ನೌಕೆ ಚಂದ್ರನ ಮೇಲೆ ಇಳಿಯುತ್ತಿತ್ತು. ಒಳಗೆ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್. ಇದ್ದಕ್ಕಿದ್ದಂತೆ ಕಂಪ್ಯೂಟರು 1202 ಎಂಬ ಎಚ್ಚರಿಕೆ ತೋರಿಸಿತು. ಅದರ ಮೇಜು ಸುಮಾರು 4 ಕೆಬಿ. ನಮ್ಮ ಮನೆಯದು ಅದರ ಹತ್ತು ಲಕ್ಷ ಪಟ್ಟು! ಆಗ ಬೇಡವಾಗಿದ್ದ ಒಂದು ರೇಡಾರು ಸುಮ್ಮಸುಮ್ಮನೆ ಕೆಲಸ ಕೊಡುತ್ತಿದ್ದುದರಿಂದ, ಹೊಸ ಕೆಲಸಕ್ಕೆ ಮೆಮೊರಿಯಲ್ಲಿ ಜಾಗವೇ ಇಲ್ಲದಾಯಿತು. ಆದರೆ ಪ್ರೋಗ್ರಾಂ ಬರೆದವರು ಜಾಣರು. ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ಮಹಿಳೆ ಆ ತಂಡದ ಮುಂದಾಳುಗಳಲ್ಲಿ ಒಬ್ಬರು. ಜಾಗ ಮುಗಿದರೆ ಮೇಜು ಒರೆಸಿ, ಮುಖ್ಯ ಕೆಲಸಗಳನ್ನಷ್ಟೇ ಮತ್ತೆ ಶುರುಮಾಡುವಂತೆ ಅದನ್ನು ರಚಿಸಿದ್ದರು. ಹಾಗಾಗಿ ನೌಕೆ ಸುರಕ್ಷಿತವಾಗಿ ಇಳಿಯಿತು. "ಅಂದರೆ ಅವರೂ ಟ್ಯಾಬ್ ಮುಚ್ಚಿದರು ಅನ್ನು!" ಎಂದು ಮೊಮ್ಮಗಳು ನಕ್ಕಳು.

ಈಗ ರೀಸೈಕಲ್ ಬಿನ್ ಮೇಲೆ ಒತ್ತಿದರೆ ತಟ್ಟನೆ ತೆರೆಯಿತು. ಇನ್ನೂರು ಫೋಟೋಗಳೂ ಅಲ್ಲೇ ಇದ್ದವು. ಅಳಿಸಿದ್ದು ಮೊದಲು ಹೋಗಿ ಬೀಳುವುದು ಆ ಬುಟ್ಟಿಗೆ. ಬುಟ್ಟಿ ಖಾಲಿ ಮಾಡುವತನಕ ಅದು ಇರುವುದೂ ಬೀರುವಿನಲ್ಲೇ. ಅಂದರೆ ನಾನು ಬೀರುವಿನಲ್ಲೂ ಜಾಗ ಮಾಡಿರಲಿಲ್ಲ! ಎಲ್ಲವನ್ನೂ ಆರಿಸಿ ರಿಸ್ಟೋರ್ ಒತ್ತಿದಳು. ಹಳೇಬೀಡಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ ಅವಳಜ್ಜಿ ಮೊದಲು ಬಂದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನನಗೆ ಅದೃಷ್ಟವಿತ್ತು. ಪೆನ್ ಡ್ರೈವಿನಿಂದ ಅಳಿಸಿದ್ದರೆ ಅವು ಬುಟ್ಟಿಗೂ ಬೀಳುತ್ತಿರಲಿಲ್ಲ. ಮರುದಿನವೇ ಎಲ್ಲ ಫೋಟೋಗಳ ಇನ್ನೊಂದು ಪ್ರತಿ ಮಾಡಿಸಿ ಬೇರೆ ಇಟ್ಟೆ. ನಾನು ಓದದೆ ಬಿಟ್ಟ ಆ ಎರಡು ಸಾಲಿನಲ್ಲಿ ಏನಿತ್ತು ಗೊತ್ತೇ? ಕೆಲಸ ಸೇವ್ ಮಾಡಿ, ತೆರೆದಿರುವುದನ್ನು ಮುಚ್ಚಿ ಎಂದು!

ಮಕ್ಕಳೇ, ಈ ಭಾನುವಾರ ತಾತ ಅಜ್ಜಿಯ ಪಕ್ಕ ಕೂತು ಆ ಮೂರು ಕೀಲಿ ಒತ್ತಿ ತೋರಿಸಿ. ಹಿರಿಯರೇ, ಕಂಪ್ಯೂಟರು ನಿಧಾನವಾದರೆ ಮೊದಲು ಮೇಜು ನೋಡಿ. ಬೀರುವಿಗೆ ಕೈ ಹಾಕುವ ಮುಂಚೆ ಮೊಮ್ಮಕ್ಕಳು ಶಾಲೆಯಿಂದ ಬರಲಿ.