ಚಾಸಿಯ ವಯಸ್ಸು

ಹಳೆಯ ವಾಹನವನ್ನು ಕೊಳ್ಳಹೊರಟವರು ಮೊದಲು ಹೊರಮೈಯ ಹೊಳಪನ್ನು ನೋಡುತ್ತಾರೆ. ಅನಂತರ ಎಂಜಿನಿನ ಸದ್ದಿಗೆ ಕಿವಿಗೊಡುತ್ತಾರೆ. ನೆಲಕ್ಕೆ ಬೆನ್ನುಕೊಟ್ಟು ಗಾಡಿಯ ಅಡಿಯನ್ನು ನೋಡುವವರು ವಿರಳ. ಈ ಕ್ರಮವು ತಲೆಕೆಳಗಾದುದೆಂದು ನನ್ನ ಅಭಿಪ್ರಾಯ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು, ಬೇರೊಂದನ್ನು ಕೂರಿಸಲೂಬಹುದು. ಎಲ್ಲವನ್ನೂ ಹೊತ್ತಿರುವ ಚಾಸಿಯೇ ತುಕ್ಕಿಗೆ ತುತ್ತಾದರೆ ಉಳಿಯುವುದೇನು?

ನನ್ನ ಮಿತ್ರರೊಬ್ಬರು ಕರಾವಳಿಯಿಂದ ಹಳೆಯ ಜೀಪೊಂದನ್ನು ತಂದರು. ಅಡಿಭಾಗಕ್ಕೆ ಆಗತಾನೆ ಬಳಿದಿದ್ದ ಕಪ್ಪು ಬಣ್ಣವನ್ನು ಕಂಡು ಅವರು ಮೆಚ್ಚಿದರು. ಭೌತವಿಜ್ಞಾನವನ್ನು ಬೋಧಿಸುವ ನಾನೂ ಮೆಚ್ಚಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ಮಳೆಗಾಲದಲ್ಲೊಮ್ಮೆ ಚಕ್ರ ಬದಲಿಸಲೆಂದು ಜಾಕ್ ಏರಿಸಿದಾಗ ಜೀಪು ಮೇಲೇಳಲಿಲ್ಲ. ಜಾಕಿನ ತಲೆಯೇ ಚಾಸಿಯ ತೊಲೆಯೊಳಕ್ಕೆ ನುಗ್ಗಿತು.

ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಕ್ರಿಯೆ ಚುರುಕಾಗುತ್ತದೆ. ವಿಚಿತ್ರವೆಂದರೆ, ಲೋಹ ಹೆಚ್ಚಾಗಿ ಸವೆಯುವುದು ಗಾಳಿ ಚೆನ್ನಾಗಿ ತಗಲುವೆಡೆಯಲ್ಲಲ್ಲ. ಉಕ್ಕಿನ ಮೇಲಿರಿಸಿದ ಉಪ್ಪುನೀರಿನ ಹನಿಯ ಅಂಚು ಉಳಿದು, ಆಮ್ಲಜನಕ ಕಡಿಮೆಯಿರುವ ನಡುಭಾಗವೇ ಕರಗುವುದನ್ನು ಇಂಗ್ಲೆಂಡಿನ ವಿಜ್ಞಾನಿ ಇವಾನ್ಸ್ ತೋರಿಸಿಕೊಟ್ಟರು. ಕೆಸರು ಮೆತ್ತಿದ ಮೂಲೆ, ತಗಡುಗಳ ಸಂದು, ಪೆಟ್ಟಿಗೆಯಂತಹ ತೊಲೆಯ ಒಳಮೈ, ಇವೆಲ್ಲ ಅಂತಹ ನಡುಭಾಗಗಳೇ. 3 ಮಿಲಿಮೀಟರ್ ದಪ್ಪದ ತೊಲೆಯ ಗೋಡೆಯಲ್ಲಿ 1 ಮಿಲಿಮೀಟರ್ ಸವೆದರೆ ಬಲದ ಮೂರನೆಯ ಒಂದು ಪಾಲು ಹೆಚ್ಚುಕಡಿಮೆ ಹೋದಂತೆಯೇ. ಮೇಲಿನ ಬಣ್ಣ ಇದಾವುದನ್ನೂ ಹೇಳದು.

ನಮ್ಮ ಕಾನೂನಿನಲ್ಲಿ ಖಾಸಗಿ ವಾಹನದ ಮೊದಲ ನೋಂದಣಿಗೆ 15 ವರ್ಷಗಳ ಅವಧಿಯಿದೆ. ತುಕ್ಕು ವರ್ಷಗಳನ್ನು ಎಣಿಸುವುದಿಲ್ಲ. ವಿಜಯಪುರದ ಒಣಹವೆಯಲ್ಲಿ 20 ವರ್ಷ ಓಡಿದ ಗಾಡಿಗಿಂತ, ಮಲ್ಪೆಯ ಬಂದರಿನಿಂದ ಮೀನು ಸಾಗಿಸಿದ 8 ವರ್ಷದ ಗಾಡಿ ಹೆಚ್ಚು ಮುಪ್ಪಾಗಿರಬಹುದು.

ಆದುದರಿಂದ ಅಡಿಯಲ್ಲಿ ಹೊಸ ಬಣ್ಣ ಕಂಡೊಡನೆ ಸಂಶಯಪಡಬೇಕು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ತೊಲೆಯುದ್ದಕ್ಕೂ ಸರಿಸಿರಿ. ಪುಟ್ಟಿ ತುಂಬಿ ಮುಚ್ಚಿದೆಡೆ ಅದರ ಹಿಡಿತ ಸಡಿಲವಾಗುತ್ತದೆ. ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ತಿಂದುಹೋದುದು ಮಂಕಾಗಿ ಸದ್ದುಮಾಡುತ್ತದೆ. ಸ್ಪ್ರಿಂಗುಗಳು ಚಾಸಿಗೆ ಕೂಡುವೆಡೆಯನ್ನು ಮರೆಯಬಾರದು. ತೆಳ್ಳನೆಯ ಕಂದು ಪುಡಿಗೆ ಅಂಜಬೇಕಿಲ್ಲ. ತುಕ್ಕಿನ ಗಾತ್ರ ಕರಗಿದ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು. ತಗಡು ಉಬ್ಬಿ ಪದರ ಪದರವಾಗಿ ಏಳುತ್ತಿದ್ದರೆ, ಬೆಲೆ ಎಷ್ಟೇ ಇಳಿಯಲಿ, ಅಂತಹ ಗಾಡಿ ಬೇಡ.

ಮಿತ್ರರು ಜೀಪನ್ನು ಗುಜರಿಗೆ ಕೊಟ್ಟು ಈಗ ಇನ್ನೊಂದನ್ನು ಹುಡುಕುತ್ತಿದ್ದಾರೆ. ನನ್ನ ಅಯಸ್ಕಾಂತವೊಂದು ತಿಂಗಳಿಂದ ಅವರ ಬಳಿಯಲ್ಲೇ ಇದೆ.