ಶಾಲೆ–ಮನೆ: ಉಪಾಧ್ಯಾಯರ ವಿದ್ಯುನ್ಮಾನ ಕೃತಿಸಂಪುಟ

ಮೂವತ್ತು ವರ್ಷ ಪಾಠ ಹೇಳಿದ ಉಪಾಧ್ಯಾಯರು ನಿವೃತ್ತಿಯ ದಿನ ಶಾಲೆಯಿಂದ ಮನೆಗೆ ತರುವುದು ಒಂದು ಶಾಲು, ಒಂದು ಹಾರ, ಒಂದು ಸ್ಮರಣಿಕೆ. ಅವರು ಕೈಯಾರೆ ಬರೆದ ಅಕ್ಷರಪಟಗಳು, ಮಕ್ಕಳಿಗಾಗಿ ಕೂಡಿಹಾಕಿದ ಒಗಟುಗಳು, ಕಷ್ಟದ ಲೆಕ್ಕವೊಂದನ್ನು ಸುಲಭಗೊಳಿಸಲು ಹುಣಿಸೆಬೀಜಗಳಿಂದ ಹೂಡಿದ ಆಟ, ಇವೆಲ್ಲ ಶಾಲೆಯ ಕಪಾಟಿನಲ್ಲೇ ಉಳಿಯುತ್ತವೆ. ಎರಡು ಮಳೆಗಾಲ ಕಳೆಯುವುದರೊಳಗೆ ಗೆದ್ದಲು ಅವುಗಳ ಲೆಕ್ಕವನ್ನು ಮುಗಿಸಿರುತ್ತದೆ. ಈ ನಷ್ಟ ಎಲ್ಲ ಶಾಲೆಗಳಿಗೂ ಉಂಟು. ಆದರೆ ಗಡಿಯಾಚೆಯ ಕನ್ನಡ ಶಾಲೆಗಳಿಗೆ ಅದು ಇಮ್ಮಡಿಯಾದುದು.

ಕಾರಣ ಸರಳವಾಗಿದೆ. ಕೇರಳದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಸರಕಾರಗಳು ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಅಚ್ಚುಮಾಡಿಸಿ ಕೊಡುತ್ತವೆ. ಆದರೆ ಪುಸ್ತಕದ ಕನ್ನಡಕ್ಕೂ ಮಗುವಿನ ಮನೆಮಾತಿಗೂ ಸೇತುವೆ ಕಟ್ಟುವ ಕೆಲಸವನ್ನು ಯಾವ ಮುದ್ರಣಾಲಯವೂ ಮಾಡಲಾರದು. ಕಾಸರಗೋಡಿನ ಒಂದೇ ತರಗತಿಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮಲೆಯಾಳ ಮನೆಮಾತಿನ ಮಕ್ಕಳು ಕುಳಿತಿರಬಹುದು. ಜತ್ತ ಅಥವಾ ಅಕ್ಕಲಕೋಟೆಯ ಮಗುವಿನ ಕನ್ನಡದಲ್ಲಿ ಮರಾಠಿಯ ಪದಗಳು ಹಾಸುಹೊಕ್ಕಾಗಿರುತ್ತವೆ. ಅಲ್ಲಿಗೆ ಒಗ್ಗುವ ಉದಾಹರಣೆ, ಹಾಡು, ಅಭ್ಯಾಸಪತ್ರಗಳನ್ನು ಉಪಾಧ್ಯಾಯರೇ ಸೃಷ್ಟಿಸಬೇಕು. ಅವು ಕಳೆದುಹೋದರೆ ಅವಕ್ಕೆ ಇನ್ನೊಂದು ಪ್ರತಿ ಎಲ್ಲಿಯೂ ಇರುವುದಿಲ್ಲ. ಮೇಲಾಗಿ, ತಪಾಸಣೆಗೆ ಬರುವ ಅಧಿಕಾರಿಗೆ ಕನ್ನಡ ಓದಲು ಬಾರದಿದ್ದರೆ, ಕಣ್ಣೆದುರಿಗಿರುವ ಕೆಲಸವೂ ಅವರಿಗೆ ಕಾಣಿಸದೆ ಹೋಗುತ್ತದೆ.

ಇದಕ್ಕೆ ಒಂದು ಪರಿಹಾರವೆಂದರೆ ವಿದ್ಯುನ್ಮಾನ ಕೃತಿಸಂಪುಟ. ಹೆಸರು ದೊಡ್ಡದು, ವಸ್ತು ಚಿಕ್ಕದು. ಉಪಾಧ್ಯಾಯರು ತಮ್ಮ ಕೆಲಸದ ಆಯ್ದ ಮಾದರಿಗಳನ್ನು, ಅವುಗಳ ಕುರಿತ ತಮ್ಮ ಆಲೋಚನೆಯೊಂದಿಗೆ, ಗಣಕದಲ್ಲಿಯೋ ದೂರವಾಣಿಯಲ್ಲಿಯೋ ಕ್ರಮವಾಗಿ ಜೋಡಿಸಿಡುವುದೇ ಅದು. ಉಪಾಧ್ಯಾಯರನ್ನು ಅವರ ಕೃತಿಸಂಪುಟದ ಮೂಲಕ ಅಳೆಯಬೇಕೆಂಬ ವಿಚಾರವನ್ನು 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೀ ಶುಲ್‌ಮನ್ ಮತ್ತು ಅವರ ಸಂಗಡಿಗರು ಪ್ರಯೋಗಿಸಿ ನೋಡಿದರು. ಅದನ್ನು ಗಣಕಕ್ಕೆ ಅಳವಡಿಸುವ ವಿಧಾನವನ್ನು ಅಲಾಸ್ಕಾದ ಹೆಲೆನ್ ಬ್ಯಾರೆಟ್ 1990ರ ದಶಕದಿಂದ ಬೆಳೆಸಿದರು. ಕೂಡಿಸುವುದು, ಆಯುವುದು, ಅವಲೋಕಿಸುವುದು, ಮುಂದಿನ ಗುರಿ ಇಟ್ಟುಕೊಳ್ಳುವುದು, ಇತರರೊಡನೆ ಹಂಚಿಕೊಳ್ಳುವುದು, ಇವು ಆಕೆ ಹೇಳಿದ ಮೆಟ್ಟಿಲುಗಳು. ಕೂಡಿಸುವುದರಲ್ಲೇ ನಿಂತರೆ ಅದು ಉಗ್ರಾಣವಾದೀತು, ಸಂಪುಟವಾಗದು.

ನಮ್ಮ ದೇಶದಲ್ಲಿಯೂ ಇದು ಈಗ ಬರಿಯ ಹವ್ಯಾಸವಾಗಿ ಉಳಿದಿಲ್ಲ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಉಪಾಧ್ಯಾಯರು ತಾವೇ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ವ್ಯವಸ್ಥೆ ಬಂದಿದೆ. ಅರ್ಜಿಯೊಂದಿಗೆ ದಾಖಲೆ, ವರದಿ, ಭಾವಚಿತ್ರ, ಧ್ವನಿ, ಚಲಚ್ಚಿತ್ರಗಳ ಸಂಪುಟವೊಂದನ್ನೂ ಸಲ್ಲಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯರೂ ವರ್ಷಕ್ಕೆ 50 ತಾಸುಗಳಷ್ಟಾದರೂ ವೃತ್ತಿ ತರಬೇತಿ ಪಡೆಯಬೇಕೆಂದು ಅಪೇಕ್ಷಿಸುತ್ತದೆ. ಆ ತರಬೇತಿಯ ಫಲ ತರಗತಿಯಲ್ಲಿ ಹೇಗೆ ಕಂಡಿತೆಂಬುದಕ್ಕೆ ಸಂಪುಟಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇನ್ನು ಸಾಧನಗಳ ವಿಚಾರ. ಮೊದಲನೆಯದು ಅಕ್ಷರ. ಹಲವರ ಬಳಿ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತಗಳಿವೆ. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪ್ರಪಂಚದ ಎಲ್ಲ ಯಂತ್ರಗಳೂ ಅರಿಯುವ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದೆ. ಆದುದರಿಂದ ಹೊಸ ಬರವಣಿಗೆಯೆಲ್ಲ ಯೂನಿಕೋಡಿನಲ್ಲಿಯೇ ಇರಲಿ. ಹಳೆಯದನ್ನು ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಮ್ಮೆ ಕಣ್ಣಾಡಿಸಿ ತಿದ್ದಬೇಕು, ತಪ್ಪು ನುಸುಳುವುದು ಅಲ್ಲಿಯೇ. ಬೆರಳಚ್ಚು ಬಾರದವರು ದೂರವಾಣಿಗೆ ಕನ್ನಡದಲ್ಲಿ ಹೇಳಿ ಬರೆಯಿಸಬಹುದು. ಆದರೆ ಅದು ಪ್ರಾದೇಶಿಕ ಪದಗಳನ್ನು ತಪ್ಪಾಗಿ ಕೇಳಿಸಿಕೊಳ್ಳುವುದುಂಟು.

ಎರಡನೆಯದು ಸಂಗ್ರಹ. ಅಕ್ಷರಪಟ, ಮಗುವಿನ ಬರವಣಿಗೆ, ಪ್ರಮಾಣಪತ್ರ ಇವುಗಳ ಪ್ರತಿ ತೆಗೆಯಲು ಕೈಯಲ್ಲಿರುವ ದೂರವಾಣಿಯೇ ಸಾಕು. ಸುಮ್ಮನೆ ಚಿತ್ರ ತೆಗೆಯುವುದರ ಬದಲು, ಕಾಗದದ ಅಂಚನ್ನು ಗುರುತಿಸಿ ನೇರಗೊಳಿಸುವ ಸ್ಕ್ಯಾನ್ ಸೌಲಭ್ಯವನ್ನು ಬಳಸಿರಿ. ಗೂಗಲ್ ಡ್ರೈವ್ ಸಾಧನದಲ್ಲಿಯೇ ಅದು ಅಡಕವಾಗಿದೆ. ಕಿಟಕಿಯ ಪಕ್ಕದ ಹಗಲು ಬೆಳಕು ಯಾವ ದೀಪಕ್ಕಿಂತಲೂ ಮೇಲು. ಹಾಡು, ಕಥೆಗಳನ್ನು ಧ್ವನಿಮುದ್ರಿಸಿಕೊಂಡು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ ಅನಗತ್ಯ ಭಾಗಗಳನ್ನು ಕತ್ತರಿಸಬಹುದು.

ಮೂರನೆಯದು ಹೆಸರಿಡುವುದು. ಇದನ್ನು ಅಲಕ್ಷಿಸಿದವರು ಐದು ವರ್ಷಗಳ ಬಳಿಕ ತಮ್ಮ ಸಂಪತ್ತಿನಲ್ಲಿ ತಾವೇ ದಾರಿ ತಪ್ಪುತ್ತಾರೆ. ಮೊದಲು ವರ್ಷ, ಬಳಿಕ ತಿಂಗಳು, ದಿನ, ಅನಂತರ ತರಗತಿ, ವಿಷಯ ಎಂಬ ಕ್ರಮದಲ್ಲಿ ‘2025-07-14 ತರಗತಿ 4 ಕನ್ನಡ ಒಗಟು’ ಎಂಬಂತೆ ಬರೆದರೆ, ಯಂತ್ರವು ತಾನಾಗಿಯೇ ಎಲ್ಲವನ್ನೂ ಕಾಲಕ್ರಮದಲ್ಲಿ ನಿಲ್ಲಿಸುತ್ತದೆ.

ನಾಲ್ಕನೆಯದು ಜೋಡಣೆ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಮಾದರಿಗೆ ಒಂದು ಪುಟದಂತೆ ಸಿದ್ಧಪಡಿಸಬಹುದು. ಕೇರಳದ ಶಾಲೆಗಳಲ್ಲಿ 2001ರಲ್ಲಿ ತೊಡಗಿದ ಮಾಹಿತಿ ತಂತ್ರಜ್ಞಾನ ಯೋಜನೆಯು 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಅದು ಸ್ವತಂತ್ರ ತಂತ್ರಾಂಶಗಳನ್ನೇ ಬಳಸುವುದರಿಂದ, ಕಾಸರಗೋಡಿನ ಉಪಾಧ್ಯಾಯರಿಗೆ ಇದು ಅಪರಿಚಿತವೇನೂ ಅಲ್ಲ. ಪ್ರತಿ ಪುಟದಲ್ಲಿ ಮಾದರಿಯ ಕೆಳಗೆ ಮೂರು ಮಾತುಗಳಿರಲಿ: ಇದನ್ನು ಏಕೆ ಮಾಡಿದೆ, ಮಕ್ಕಳಲ್ಲಿ ಏನು ಬದಲಾವಣೆ ಕಂಡೆ, ಮುಂದಿನ ಸಲ ಏನನ್ನು ಬೇರೆ ರೀತಿಯಲ್ಲಿ ಮಾಡುವೆ. ಇವಿಲ್ಲದ ಭಾವಚಿತ್ರ ಅಲಂಕಾರ ಮಾತ್ರ.

ಗಡಿನಾಡಿನವರು ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಮಾದರಿ ಕನ್ನಡದಲ್ಲೇ ಇರಲಿ, ಅದರ ಸಾರಾಂಶವನ್ನು ಮಾತ್ರ ನಾಲ್ಕು ಸಾಲಿನಲ್ಲಿ ಆಯಾ ರಾಜ್ಯದ ಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಕೊಡಿರಿ. ಕನ್ನಡವನ್ನೇ ಬಿಟ್ಟು ಬರೆದರೆ ನಮ್ಮ ಕೆಲಸದ ಜೀವ ಹೋಗುತ್ತದೆ; ಕನ್ನಡವೊಂದರಲ್ಲೇ ಬರೆದರೆ ತೀರ್ಮಾನಿಸುವವರ ಮನಸ್ಸನ್ನು ಅದು ಮುಟ್ಟದು.

ಐದನೆಯದು ರಕ್ಷಣೆ. ಗೂಗಲ್ ಉಚಿತವಾಗಿ ಕೊಡುವ ಸ್ಥಳ 15 ಜಿ.ಬಿ. ಅಂಚೆ, ಭಾವಚಿತ್ರ, ಕಡತಗಳೆಲ್ಲ ಅದರೊಳಗೇ ಅಡಕವಾಗಬೇಕು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಸಂಸ್ಥೆಯು ಅಳಿಸಿಹಾಕಬಹುದೆಂಬ ನಿಯಮವೂ 2023ರಿಂದ ಜಾರಿಗೆ ಬಂದಿದೆ. ಜನಪ್ರಿಯವಾಗಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತೆಂಬುದನ್ನು ನೆನೆದರೆ, ಒಂದೇ ಗೂಡಿನಲ್ಲಿ ಎಲ್ಲ ಮೊಟ್ಟೆಗಳನ್ನಿಡುವುದು ಜಾಣತನವಲ್ಲವೆಂದು ತಿಳಿಯುತ್ತದೆ. ಮೂರು ಪ್ರತಿಗಳಿರಲಿ. ಒಂದು ಯಂತ್ರದಲ್ಲಿ, ಒಂದು ಪ್ರತ್ಯೇಕ ಡಿಸ್ಕಿನಲ್ಲಿ, ಒಂದು ಮನೆಯಿಂದ ಹೊರಗೆ, ಅಂದರೆ ಅಂತರಜಾಲದಲ್ಲಿಯೋ ಬಂಧುಗಳ ಮನೆಯಲ್ಲಿಯೋ. ಶಾಲೆಯೋ ಇಲಾಖೆಯೋ ಕೊಟ್ಟ ಖಾತೆಯಲ್ಲಿ ಮಾತ್ರ ಇಟ್ಟರೆ, ಸೇವೆ ಮುಗಿದಾಗ ಅದರ ಬಾಗಿಲೂ ಮುಚ್ಚಬಹುದು. ದೀರ್ಘಕಾಲ ಉಳಿಯಬೇಕಾದುದನ್ನು, 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಪಿಡಿಎಫ್-ಎ ರೂಪದಲ್ಲಿ ಉಳಿಸಿರಿ. ಅಕ್ಷರವಿನ್ಯಾಸವೂ ಕಡತದೊಳಗೇ ಸೇರಿಕೊಳ್ಳುವುದರಿಂದ ಯಾವ ಯಂತ್ರದಲ್ಲಿಯೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಕೊಂಡಿಯನ್ನು ಕಳುಹಿಸುವಾಗ, ನೋಡುವ ಅನುಮತಿಯನ್ನು ಕೊಟ್ಟಿರುವಿರೆಂದು ಖಚಿತಪಡಿಸಿಕೊಳ್ಳಿರಿ. ಇಲ್ಲವಾದರೆ ಪರೀಕ್ಷಕರ ಮುಂದೆ ಬೀಗ ಹಾಕಿದ ಬಾಗಿಲನ್ನಿಟ್ಟಂತಾಗುತ್ತದೆ.

ಕೊನೆಯದಾಗಿ, ಆದರೆ ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ಮಾನ. ಸಂಪುಟ ಉಪಾಧ್ಯಾಯರದು, ಮುಖ ಮಗುವಿನದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯ ಬಳಕೆಗೆ ತಾಯ್ತಂದೆಯರ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿನ ಕೈಬರಹವನ್ನು ತೋರಿಸಿ, ಹೆಸರನ್ನು ಮರೆಸಿರಿ. ಬರೆಯುತ್ತಿರುವ ಕೈಗಳ ಚಿತ್ರ ಸಾಕು, ಮುಖ ಬೇಡ. ಕಡಿಮೆ ಅಂಕದ ಉತ್ತರಪತ್ರಿಕೆಯನ್ನು ಹೆಸರು ಸಹಿತ ಪ್ರದರ್ಶಿಸುವುದು ಯಾವ ಕಾಲಕ್ಕೂ ಗುರುಧರ್ಮವಲ್ಲ. ದೂರವಾಣಿಯ ಚಿತ್ರಗಳಲ್ಲಿ ತೆಗೆದ ಸ್ಥಳದ ಗುರುತೂ ಗುಪ್ತವಾಗಿ ಸೇರಿರುವುದುಂಟು. ಆ ಸೌಲಭ್ಯವನ್ನು ಮೊದಲೇ ನಿಲ್ಲಿಸಿಡಿರಿ.

ಈ ಕಾರ್ಯದಲ್ಲಿ ಮನೆಯವರಿಗೂ ಪಾಲುಂಟು. ಗಣಕ ಕಲಿತ ಮಗನೋ ಸೊಸೆಯೋ ಮೊಮ್ಮಗಳೋ ವಾರಕ್ಕೆ ಅರ್ಧ ತಾಸು ಬಿಡುವು ಮಾಡಿಕೊಂಡರೆ, ನಿವೃತ್ತರಾದ ಹಿರಿಯರ ಟ್ರಂಕಿನಲ್ಲಿರುವ ಟಿಪ್ಪಣಿಪುಸ್ತಕಗಳು ಬೆಳಕು ಕಾಣುತ್ತವೆ. ಅಧ್ಯಾಪಕರೂ ಕವಿಗಳೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ತಮ್ಮ ಬದುಕನ್ನು ಅವರೇ ‘ದುಡಿತವೇ ನನ್ನ ದೇವರು’ ಎಂಬ ಆತ್ಮಕಥೆಯಲ್ಲಿ ಬರೆದಿಟ್ಟುದರಿಂದ ಇಂದಿನ ಉಪಾಧ್ಯಾಯರಿಗೂ ಅದು ದೊರೆಯುತ್ತದೆ. ಎಲ್ಲರಿಗೂ ಆತ್ಮಕಥೆ ಬರೆಯಲಾಗದು. ಆದರೆ ತಿಂಗಳಿಗೆ ಒಂದು ಮಾದರಿ, ಅದರ ಕೆಳಗೆ ಮೂರು ಮಾತು, ಇಷ್ಟು ಯಾರಿಗೂ ಅಸಾಧ್ಯವಲ್ಲ. ಶಾಲೆಯ ವರ್ಷ ಮುಗಿಯುವಾಗ ಹತ್ತು ಪುಟಗಳಾದಾವು.

ಕನ್ನಡ ಶಾಲೆಯಲ್ಲಿ ಏನು ನಡೆಯುತ್ತಿದೆ, ಆ ಶಾಲೆ ಏಕೆ ಬೇಕು ಎಂದು ನಾಳೆ ಯಾರಾದರೂ ಕೇಳಿದಾಗ, ಬರಿಯ ಅಭಿಮಾನದ ಮಾತು ಉತ್ತರವಾಗಲಾರದು. ಆ ಹತ್ತು ಪುಟಗಳನ್ನು ಅವರ ಮುಂದಿಡಬಹುದು. ಹೊಸದಾಗಿ ಕೆಲಸಕ್ಕೆ ಸೇರಿದ ತರುಣ ಉಪಾಧ್ಯಾಯಿನಿಯೊಬ್ಬಳು ಅದೇ ಪುಟಗಳನ್ನು ತೆರೆದು, ಮರುದಿನದ ಪಾಠಕ್ಕೆ ಒಂದು ಒಗಟನ್ನು ಆಯ್ದುಕೊಂಡರೆ, ಬರೆದವರ ಶ್ರಮ ಅಲ್ಲಿಗೆ ಸಾರ್ಥಕ.