ಆರೋಗ್ಯ ಚಿಂತನ: ಶಸ್ತ್ರಚಿಕಿತ್ಸೆಯ ನಂತರದ ಮಲಬದ್ಧತೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಅನೇಕರು ಶಸ್ತ್ರಚಿಕಿತ್ಸೆಗೆಂದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ಹೋಗುತ್ತಾರೆ. ಶಸ್ತ್ರಚಿಕಿತ್ಸೆ ಸುಗಮವಾದರೂ ಎರಡು-ಮೂರು ದಿನ ಮಲವಿಸರ್ಜನೆಯಾಗದೆ ರೋಗಿಯು ಸಂಕಟಪಡುವುದುಂಟು. ಹಿರಿಯರು, ತಾಯಂದಿರು ಸಂಕೋಚದಿಂದ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಆರೈಕೆಗೆ ನಿಂತವರೇ ದಿನಕ್ಕೊಮ್ಮೆ ಕೇಳಿ ತಿಳಿದು ದಾದಿಯರಿಗೆ ಹೇಳಬೇಕು.

ಅರಿವಳಿಕೆಯಿಂದ ಕರುಳಿನ ಚಲನೆ ಮಂದವಾಗುತ್ತದೆ. ಮಾರ್ಫಿನ್, ಟ್ರಮಡಾಲ್‌ನಂತಹ ನೋವುನಿವಾರಕಗಳು, ನೀರಿನ ಕೊರತೆ, ಸದಾ ಮಲಗಿರುವುದು ಇವೆಲ್ಲ ಮಲವನ್ನು ಗಟ್ಟಿಯಾಗಿಸುತ್ತವೆ. ಬಲವಾಗಿ ತಿಣುಕಿದರೆ ಹೊಟ್ಟೆಯ ಹೊಲಿಗೆಗಳ ಮೇಲೆ ಒತ್ತಡ ಬೀಳುತ್ತದೆ.

ವೈದ್ಯರು ಒಪ್ಪಿದೊಡನೆ ರೋಗಿಯನ್ನು ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿರಿ. ನೀರು, ಮಜ್ಜಿಗೆ ಕೊಡಿರಿ. ಸೊಪ್ಪು, ಪಪ್ಪಾಯಿ, ಮುದ್ದೆ ಅವರು ಹೇಳಿದ ಮೇಲೆಯೇ. ಕಮೋಡಿನ ಮೇಲೆ ಕೂರುವವರು ಪಾದದಡಿ ಚಿಕ್ಕ ಮಣೆಯಿಟ್ಟುಕೊಂಡರೆ ಅನುಕೂಲ. ಊರಿನಿಂದ ತಂದ ಹರಳೆಣ್ಣೆಯನ್ನು ವೈದ್ಯರನ್ನು ಕೇಳದೆ ಕುಡಿಸಬೇಡಿರಿ. ಕರುಳಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಅದರಿಂದ ಹಾನಿಯಾಗಬಹುದು. ಅಗತ್ಯವಿದ್ದರೆ ಲ್ಯಾಕ್ಟುಲೋಸ್‌ನಂತಹ ಔಷಧಿಯನ್ನು ವೈದ್ಯರೇ ಬರೆದುಕೊಡುತ್ತಾರೆ.

ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೊರಹೋಗದಿದ್ದರೆ ಅದನ್ನು ಬರಿಯ ಮಲಬದ್ಧತೆಯೆಂದು ಭಾವಿಸಬಾರದು. ಕರುಳಿನ ಚಲನೆಯೇ ನಿಂತಿರಬಹುದು. ಆಸ್ಪತ್ರೆಯಲ್ಲಿದ್ದರೆ ಒಡನೆ ತಿಳಿಸಿರಿ. ಮನೆಗೆ ಮರಳಿದ ಮೇಲಾದರೆ, ಬೆಳಗಾಗಲೆಂದು ಕಾಯದೆ ಸಮೀಪದ ಆಸ್ಪತ್ರೆಗೆ ಕರೆದೊಯ್ಯಿರಿ.